ಅವ್ವನ ಗುಳಿಗಿ ಸ್ಟ್ರಿಪ್ ಓದೀರೇನು?

ಸೋಲಾಪುರದ ವಿಜಾಪುರ ರಸ್ತೆಯ ಯಾವುದೇ ಮೆಡಿಕಲ್ ಮುಂದೆ ಸಂಜೆ ನಿಂತು ನೋಡ್ರಿ. ಮಂದ್ರೂಪ ಕಡೆಯವರು, ಅಕ್ಕಲಕೋಟ ಕಡೆಯವರು ಖಾಲಿ ಸ್ಟ್ರಿಪ್ ತೋರಿಸಿ ಬಿಪಿ ಗುಳಿಗಿ ತಗೋತಾರ. ಜೊತೆಗೆ ಮೊಣಕಾಲು ನೋವಿಗೊಂದು, ನೆಗಡಿಗೊಂದು. ಅಪಾಯ ಇರೋದು ಈ "ಜೊತೆಗೆ"ಯಲ್ಲಿ.

ಗೆಳೆಯರೇ, ಮನೆಯ ಸ್ಟ್ರಿಪ್ ಮೇಲೆ ಕಂಪನಿ ಹೆಸರು ಬಿಟ್ಟು ಔಷಧದ ಹೆಸರು ಓದ್ರಿ. ಅಟೆನಲಾಲ್, ಮೆಟೊಪ್ರೊಲಾಲ್, ಪ್ರೊಪ್ರನಲಾಲ್, ಹೀಗೆ "ಲಾಲ್" ಅಂತ ಮುಗಿದರೆ ಅದು ಬೀಟಾ ಬ್ಲಾಕರ್ ಇರಬಹುದು. ಹೃದಯದ ಬಡಿತ ನಿಧಾನ ಮಾಡಿ ಬಿಪಿ ಇಳಿಸುವ ಗುಳಿಗಿ. ನಾನು ಬಿ.ಕಾಂ ಓದಿ ಬ್ಯಾಂಕಿನ ಕೌಂಟರ್‌ನಲ್ಲಿ ಕೂಡುವವ, ಡಾಕ್ಟರ್ ಅಲ್ಲ. ಆದರೆ ಇಷ್ಟು ನಮಗೆಲ್ಲ ಗೊತ್ತಿರಲೇಬೇಕು.

ವೆರಪಾಮಿಲ್, ಡಿಲ್ಟಿಯಾಜೆಮ್ ಕೂಡ ಬಿಪಿ, ಎದೆನೋವಿಗೆ ಕೊಡುವ ಔಷಧಗಳೇ. ಸೋಲಾಪುರದ ಡಾಕ್ಟರ್ ಒಂದು, ವಿಜಯಪುರದ ಡಾಕ್ಟರ್ ಇನ್ನೊಂದು ಬರೆದು, ಒಬ್ಬರ ಚೀಟಿ ಮತ್ತೊಬ್ಬರು ನೋಡದಿದ್ದರೆ ನಾಡಿ ವಿಪರೀತ ಇಳಿದು ಮನುಷ್ಯ ತಲೆತಿರುಗಿ ಬೀಳಬಹುದು. ಎರಡು ಬ್ಯಾಂಕಿನ ಸಾಲವಾದರೆ ಸಿಬಿಲ್‌ನಲ್ಲಿ ಕಾಣುತ್ತದೆ. ಚೀಟಿಯನ್ನು ನಾವೇ ತೋರಿಸಬೇಕು.

ನೋವಿನ ಗುಳಿಗಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ದಿನಗಟ್ಟಲೆ ನುಂಗಿದರೆ ಬಿಪಿ ಔಷಧದ ಕೆಲಸ ಸಡಿಲಾಗತದ. ಶುಗರ್ ಇದ್ದವರಿಗೆ ಇನ್ನೂ ಮೋಸ: ಇನ್ಸುಲಿನ್ ಹೆಚ್ಚಾಗಿ ಶುಗರ್ ಇಳಿದಾಗ ಆಗುವ ಎದೆ ಡವಡವ, ಕೈ ನಡುಕವನ್ನು ಈ ಗುಳಿಗಿ ಮುಚ್ಚಿಡುತ್ತದೆ. ಬೆವರು ಮಾತ್ರ ಬರುತ್ತದೆ. ಅವ್ವ ಸುಮ್ಮನೆ ಬೆವರಿದರೆ ಸೆಕೆ ಅನ್ನಬೇಡ್ರಿ, ಶುಗರ್ ನೋಡ್ರಿ. ದಮ್ಮು ಇದ್ದವರಿಗೆ ಪ್ರೊಪ್ರನಲಾಲ್‌ನಂಥವು ಉಸಿರುನಾಳ ಬಿಗಿ ಮಾಡುತ್ತವೆ, ಸಾಲ್ಬುಟಮಾಲ್ ಪಂಪಿನ ಬಲವನ್ನೂ ಕುಗ್ಗಿಸುತ್ತವೆ.

ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರೇ! ಹನಿ ರಕ್ತಕ್ಕೂ ಸೇರುತ್ತದೆ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಬೇರೆ ಔಷಧ ಚಾಲೂ ಅದ ಏನು ಅಂತ ಡಾಕ್ಟರ್ ಮರಾಠಿಯಲ್ಲಿ ಕೇಳಿದರೆ ನಮ್ಮ ಹಿರಿಯರು "ನಾಹಿ" ಅಂತಾರ. ಅವರ ಲೆಕ್ಕಕ್ಕೆ ಕಣ್ಣಿನ ಹನಿ, ಮೊಣಕಾಲಿನ ಗುಳಿಗಿ ಔಷಧವೇ ಅಲ್ಲ. ಮರಾಠಿ, ಇಂಗ್ಲಿಷ್ ಎರಡೂ ಬಲ್ಲವರು ನೀವು. ಎಲ್ಲ ಸ್ಟ್ರಿಪ್‌ಗಳ ಫೋಟೊ ಮೊಬೈಲ್‌ನಲ್ಲಿ ಇಟ್ಕೊಂಡು ಜೊತೆಗೆ ಹೋಗ್ರಿ.

ಇದನ್ನೋದಿ ಹೆದರಿ ಗುಳಿಗಿ ಮಾತ್ರ ನಿಲ್ಲಿಸಬೇಡ್ರಿ. ಬೀಟಾ ಬ್ಲಾಕರ್ ಒಮ್ಮೆಲೇ ಬಿಟ್ಟರೆ ಎದೆನೋವು, ಹಾರ್ಟ್ ಅಟ್ಯಾಕ್ ಆಗುವ ಅಪಾಯ ಇದೆ. ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಪ್ರಜ್ಞೆ ತಪ್ಪಿದರೆ, ಉಸಿರು ಕಟ್ಟಿದರೆ ಕಾಯದೆ 108ಕ್ಕೆ ಫೋನ್ ಮಾಡ್ರಿ. ಗಡಿಯ ಆಚೆಗೂ ಈಚೆಗೂ ಅದೇ ನಂಬರ್.