ಕಬ್ಬಿಣದ ಪುಡಿಗೂ ಬೆಂಕಿ ಹತ್ತುತ್ತೆ

ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಿಂದ ಮನೆಗೆ ಬರುವ ನಮ್ಮ ಅಪ್ಪ, ಅಣ್ಣಂದಿರ ಅಂಗಿ ಒದರಿದರೆ ಕರಿ ಧೂಳು. ಕಬ್ಬಿಣ ಎಲ್ಲಾದ್ರೂ ಉರಿಯುತ್ತೇನ್ರೋ ಅಂತ ನಾವೇ ನಕ್ಕಿದ್ದೇವೆ. ಉರಿಯುತ್ತೆ. ನುಣ್ಣಗಾದ ಪುಡಿ ಗಾಳಿಗೆ ಎದ್ದು ಕಿಡಿ ತಗುಲಿದರೆ ಉರಿಯುತ್ತೆ. 2011ರಲ್ಲಿ ಅಮೆರಿಕದ ಗ್ಯಾಲಟಿನ್ ಊರಿನ ಹೊಗನಾಸ್ ಕಬ್ಬಿಣದ ಪುಡಿ ಕಾರ್ಖಾನೆಯಲ್ಲಿ ಜನವರಿಯಿಂದ ಮೇ ಒಳಗೆ ಮೂರು ಸಲ ಬೆಂಕಿ ಎದ್ದು ಐದು ಮಂದಿ ಸತ್ತರು. ತೊಲೆಗಳ ಮೇಲೆ ಕೂತಿದ್ದ ಧೂಳೂ ಉದುರಿ ಉರಿದಿತ್ತು.

ಇದಕ್ಕೆ ಮದ್ದು ಉಂಟು. ಧೂಳು ಎಳೆಯುವ ಕೊಳವೆಗೆ ಸೋಡಾಪುಡಿಯ ಸಿಲಿಂಡರ್ ಕೂರಿಸುತ್ತಾರೆ. ಒಳಗೆ ಒತ್ತಡ ಏರಿದ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ ಪುಡಿ ಚಿಮ್ಮಿ ಬೆಂಕಿಯ ಶಾಖ ಹೀರುತ್ತದೆ. ನೆಲದಲ್ಲಿ ಉರಿಯೋ ಲೋಹಕ್ಕೆ ಒಣ ಉಪ್ಪಿನ ಪುಡಿ ಮುಚ್ಚಬೇಕು. ನೀರಂತೂ ಬೇಡವೇ ಬೇಡ. ಕಾದ ಲೋಹ ನೀರಿನಿಂದ ಜಲಜನಕ ಬಿಡಿಸುತ್ತೆ, ಅದೂ ಸಿಡಿಯುತ್ತೆ. (ಬಿ.ಎ. ಓದಿದ ನಮಗೆ ಇದನ್ನು ಯಾವ ಸೈನ್ಸ್ ಹುಡುಗನೂ ಹೇಳಲಿಲ್ಲ.)

ಆದರೆ ಆ ಸಿಲಿಂಡರ್ ಕಾಯುವುದು ಕೊಳವೆಯನ್ನು. ತೊಲೆ ಮೇಲಿನ, ನೆಲದ ಮೇಲಿನ ಧೂಳು ಯಾರು ತೆಗೀತಾರೆ? ಕಸಬರಿಗೆ ಹಿಡಿದ ಗುತ್ತಿಗೆ ಕೂಲಿ. ಆ ಕೈ ಯಾವ ಕೇರಿಯದು ಅಂತ ನಾವು ಬಿಡಿಸಿ ಹೇಳಬೇಕೇ? ಕಸಬರಿಗೆ ಬೀಸಿದಷ್ಟೂ ಧೂಳು ಏಳುತ್ತೆ. ಅವನ ಸಾವನ್ನು ಅವನ ಕೈಯಿಂದಲೇ ಎಬ್ಬಿಸ್ತಾ ಇದ್ದಾರೆ. ಇಂಥ ಧೂಳು ಕೂರಲು ಬಿಡಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮೇ ಹೇಳಿತ್ತು.

ಪುಡಿ ಕೇಳೋಣ. ಅದಕ್ಕೂ ಮೊದಲು ಕಿಡಿ ಹಾರಿಸದೆ ಧೂಳು ಹೀರುವ ಯಂತ್ರ ಕೇಳೋಣ. ಈ ಸಲ ರಜಕ್ಕೆ ಊರಿಗೆ ಹೋದಾಗ ಕೇಳ್ರಿ: ಅಪ್ಪಾ, ಕಸಬರಿಗೆ ಕೊಟ್ಟವರು ಇದು ಸಿಡಿಯುತ್ತೆ ಅಂತ ಹೇಳಿದ್ರಾ?