ಕಲ್ಲು ಎಳೆದವರ ಹೆಸರೇನು?



ಟೂರು ಅಂದರೆ ಬೇಲೂರು. ಅಲ್ಲಿ ಗೈಡು ಕಥೆ ಹೇಳ್ತಾನೆ: ಜಕಣಾಚಾರಿ ಕೆತ್ತಿದ ವಿಗ್ರಹದ ಹೊಟ್ಟ್ಯಾಗ ಕಪ್ಪೆ ಇತ್ತು, ಮಗ ಡಂಕಣ ಅದನ್ನ ತೋರಿಸಿಕೊಟ್ಟ, ಅಪ್ಪ ತನ್ನ ಕೈ ತಾನೇ ಕಡಕೊಂಡ. ನಾವು ಬಾಯಿ ತೆರೆದು ಕೇಳ್ತೇವೆ. ಆದರೆ ಆ ಗುಡಿಯ ಶಿಲ್ಪಗಳ ಕೆಳಗಿನ ರುಜುಗಳಲ್ಲಿ ಸಿಗೋ ಹೆಸರುಗಳೇ ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ದುಡಿದವರ ಹೆಸರು ಕಲ್ಲಿನ ಮ್ಯಾಲಿದ್ದರೂ ಕಥೆ ಅದನ್ನ ನುಂಗಿತು.

ಅದೇ ಬೇಲೂರಿನ ಇನ್ನೊಂದು ಕಥೆ ಕೇಳ್ರಿ. ಚೆನ್ನಿಗರಾಯ ತನ್ನ ದೇವಿಯನ್ನ ನೋಡಲಿಕ್ಕೆ ಬಾಬಾಬುಡನ್ ಬೆಟ್ಟಕ್ಕೆ ನಡೆದು ಹೋಗ್ತಾನಂತೆ. ಚಪ್ಪಲಿ ಸವೆದರೆ ಚನ್ನಗಿರಿ, ಬಸವಾಪಟ್ಟಣದ ಚಪ್ಪಲಿ ಹೊಲಿಯೋ ಜನರ ಕನಸಿನಾಗ ಬರ್ತಾನಂತೆ. ಅವರು ಹೊಸ ಜೋಡು ತಂದು ಒಪ್ಪಿಸುವಾಗ ಗುಡಿಯ ಅಂಗಳಕ್ಕೆ ಪ್ರವೇಶ ಇತ್ತಂತೆ. ಇದನ್ನ ಮೈಸೂರು ಗೆಝೆಟಿಯರಿನಲ್ಲಿ ಬಿ.ಎಲ್. ರೈಸ್ ಬರೆದಿಟ್ಟಿದ್ದಾನೆ. ನೋಡ್ರಿ ನ್ಯಾಯ! ದೇವರ ಕಾಲಿಗೆ ನಮ್ಮ ಚರ್ಮ ಬೇಕು, ದೇವರ ಬಾಗಿಲಿಗೆ ನಮ್ಮ ಕಾಲು ಬ್ಯಾಡ. ಇದನ್ನ ಭಕ್ತಿಯ ಕಥೆ ಅಂತಾರೆ. ಇದು ಬಿಟ್ಟಿ ಚಾಕರಿಯ ಕಥೆ.

ಚೀಕಲಪರ್ವಿ, ಮಾನ್ವಿ, ದೇವದುರ್ಗದಿಂದ ಓದಲಿಕ್ಕೆ ರಾಯಚೂರಿಗೆ ಬಂದವರೇ, ಕಥೆಯಿಲ್ಲದ ಒಂದು ಕಲ್ಲು ನಮ್ಮೂರಿನಾಗೇ ಐತಿ. ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಬಂಡೆ. ಅದರ ಮೇಲೆ 1294ರ ತೆಲುಗು ಶಾಸನ: ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ ವಿಠ್ಠಲನಾಥನ ಹೆಸರು. ಪಕ್ಕದಲ್ಲೇ ಗೀರಿದ ಚಿತ್ರ: ಬಂಡೆ ಹೊತ್ತ ಬಂಡಿ, ಎಳೆಯುವ ಕೋಣಗಳ ಉದ್ದ ಸಾಲು, ಗಾಲಿಗೆ ಸನಿಕೆ ಕೊಟ್ಟು ನೂಕುವ ಮನುಷ್ಯರು.

ಒಡೆಯನಿಗೆ ಅಕ್ಷರ. ಎಳೆದವರಿಗೆ ಬರೀ ಗೀರು.

ಆ ಮನುಷ್ಯರ ಜಾತಿ ಯಾವುದೋ, ಕಲ್ಲು ಹೇಳೋದಿಲ್ಲ. ನಾನೂ ಸುಳ್ಳು ಹೇಳೋದಿಲ್ಲ. ಒಂದು ಪುರಾಣಕ್ಕೆ ಇನ್ನೊಂದು ಪುರಾಣ ಉತ್ತರ ಅಲ್ಲ. ಆದರೆ ಯಾವ ದೇವರೂ ರಾತ್ರೋರಾತ್ರಿ ಬಂದು ಇದನ್ನ ನಿಲ್ಲಿಸಲಿಲ್ಲ ಅಂತ ಈ ಚಿತ್ರ ಕೂಗಿ ಹೇಳ್ತದೆ. ಮನುಷ್ಯರ ರಟ್ಟೆ ನಿಲ್ಲಿಸಿತು.

ಅದಕ್ಕೇ ಹಾಳು ಗುಡಿಗೆ ಹೋದರೆ ಕೈಮುಗಿದು ಬರಬ್ಯಾಡ್ರಿ, ಕಲ್ಲು ಒಡೆದೂ ಬರಬ್ಯಾಡ್ರಿ. ಅದರಾಗ ದುಡಿದವರ ಬೆವರೈತಿ. ಕೇಳ್ರಿ: ಹೊತ್ತವರು ಯಾರು? ಕೂಲಿ ಏನು? ಕಟ್ಟಿದ ಮ್ಯಾಲೆ ಒಳಗೆ ಬಿಟ್ಟರೇನು? 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. ಬಾಗಿಲು ಕೇಳುವ ಹಕ್ಕು ಈಗ ಅಕ್ಷರದಲ್ಲೈತಿ. ಇತಿಹಾಸ ಕೇಳುವ ಹಕ್ಕನ್ನ ನಾವೇ ಬರಕೋಬೇಕು.

ಪೆನ್ನು ನಮ್ಮ ಕೈಯಾಗೈತಿ. ಇನ್ನು ಗೀರಾಗಿ ಉಳಿಯೋದು ಬ್ಯಾಡ.