ಆಟದ ಆಕಾಶವನ್ನು ತಿದ್ದುವವರು

ವಿಜ್ಞಾನವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು. ಅದೇ ಅದರ ಹಿರಿಮೆ. ಆದರೆ ಅದು ತಿದ್ದಿಕೊಂಡಾಗಲೆಲ್ಲ, ಅದನ್ನು ಆಧರಿಸಿ ರಚಿತವಾದ ಕಲ್ಪನಾಲೋಕವನ್ನೂ ಕೆಡವಿ ಕಟ್ಟತಕ್ಕದ್ದೆಂಬ ವಾದವೊಂದು ವೈಜ್ಞಾನಿಕ ಕಲ್ಪನೆಯ ಪಾತ್ರಾಭಿನಯದ ಆಟಗಳನ್ನಾಡುವವರಲ್ಲಿ ಕೇಳಿಬರುತ್ತಿದೆ. ಮೇಲ್ನೋಟಕ್ಕೆ ಸತ್ಯನಿಷ್ಠೆಯಂತೆ ತೋರುವ ಈ ವಾದವು ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ.

ಈ ಆಟಗಳ ಸ್ವರೂಪವನ್ನರಿಯಲು ತಾಳಮದ್ದಲೆಯನ್ನು ನೆನೆದರೆ ಸಾಕು. ಅಲ್ಲಿ ಅರ್ಥಧಾರಿಯು ವೇಷವಿಲ್ಲದೆ ಕುಳಿತು, ಪ್ರಸಂಗದ ಮೇರೆಯೊಳಗೆ ತನ್ನ ಪಾತ್ರದ ಮಾತನ್ನು ಆಗಿಂದಾಗಲೇ ಹೆಣೆಯುವನು. ಇಲ್ಲಿಯೂ ಕೆಲವರು ಕೂಡಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಸೂತ್ರಧಾರನು ವರ್ಣಿಸಿದ ಲೋಕದಲ್ಲಿ ಮಾತಿನಿಂದಲೂ ದಾಳದಿಂದಲೂ ಕಥೆಯನ್ನು ನಡೆಯಿಸುವರು. ಪ್ರಸಂಗದ ಸ್ಥಾನದಲ್ಲಿ ಇಲ್ಲಿರುವುದು ಗ್ರಂಥಗಳಲ್ಲಿ ಸ್ಥಾಪಿತವಾದ ಒಂದು ಲೋಕ.

ಅಮೆರಿಕೆಯ ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯು 1986ರಲ್ಲಿ ‘ಟ್ರಾವೆಲರ್: 2300’ ಎಂಬ ಆಟವನ್ನು ಪ್ರಕಟಿಸಿತು, ಮುಂದೆ ಅದಕ್ಕೆ ‘2300 ಎ.ಡಿ.’ ಎಂದು ಹೆಸರಾಯಿತು. ಸೂರ್ಯನ ನೆರೆಯ ನಿಜವಾದ ನಕ್ಷತ್ರಗಳನ್ನು, ಅಂದು ತಿಳಿದಿದ್ದ ದೂರಗಳಂತೆ, ಅದು ಮೂರು ಆಯಾಮಗಳಲ್ಲಿ ಪಟಕ್ಕೆ ತಂದಿತು. ಅದರ ನೌಕೆಗಳಿಗೆ ಒಂದು ಕಟ್ಟಳೆಯುಂಟು. 7.7 ಜ್ಯೋತಿರ್ವರ್ಷ ಸಾಗುವಷ್ಟರಲ್ಲಿ ನಕ್ಷತ್ರವೊಂದರ ಬಳಿ ಸೇರಿ, ಯಂತ್ರದಲ್ಲಿ ಕೂಡಿಕೊಂಡ ಶಕ್ತಿಶೇಷವನ್ನು ಇಳಿಸಿಕೊಳ್ಳಬೇಕು. ಇಲ್ಲವಾದರೆ ಮಾರಕ ವಿಕಿರಣವು ಹೊಮ್ಮಿ ನಾವಿಕರನ್ನು ಕೊಲ್ಲುವುದು. ಎಲ್ಲಿ ದಾರಿ, ಎಲ್ಲಿ ವಸಾಹತು ಎಂಬುದೆಲ್ಲ ಈ ಒಂದು ಸಂಖ್ಯೆಯಿಂದಲೇ ನಿರ್ಧಾರವಾಗಿ, ಫ್ರೆಂಚ್, ಚೀನೀ, ಅಮೆರಿಕನ್ ಎಂಬ ಮೂರು ಶಾಖೆಗಳು ಹುಟ್ಟಿದುವು.

ಅನಂತರ ಆಕಾಶದ ಅಳತೆಯೇ ಬದಲಾಯಿತು. 1989ರಲ್ಲಿ ಹಾರಿದ ಯೂರೋಪಿನ ಹಿಪ್ಪಾರ್ಕಸ್ ಉಪಗ್ರಹವು ಒಂದು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳನ್ನಳೆಯಿತು. ಅದರ ಪಟ್ಟಿಯು 1997ರಲ್ಲಿ ಹೊರಬಿತ್ತು. 2013ರಲ್ಲಿ ಲೂಮನ್ 16 ಎಂಬ ಕಂದು ಕುಬ್ಜಗಳ ಜೋಡಿಯು ಸುಮಾರು 6.5 ಜ್ಯೋತಿರ್ವರ್ಷ ದೂರದಲ್ಲಿಯೇ ಇರುವುದು ತಿಳಿದುಬಂದಿತು. 7.6 ಎಂದಿದ್ದ ದೂರವು 7.8 ಆದರೆ ಹಳೆಯ ದಾರಿ ಕಡಿಯಿತು. ಹೊಸ ಕುಬ್ಜವೊಂದು ನಡುವೆ ಕಂಡರೆ ಹೊಸ ದಾರಿ ತೆರೆಯಿತು. ಆದಕಾರಣ ಪಟವನ್ನೆಲ್ಲ ಅಳಿಸಿ ಬರೆಯಿರೆಂದು ಶುದ್ಧಿವಾದಿಗಳ ಹಟ.

ಆ ದಾರಿಯಲ್ಲಿ ವರ್ಷಗಟ್ಟಲೆ ನಡೆದವರ ಗತಿಯೇನು? ಅವರು ಕಾಪಾಡಿದ ವಸಾಹತು, ಕಳೆದುಕೊಂಡ ಒಡನಾಡಿ, ಎಲ್ಲವೂ ಒಂದು ಅಂಕಿಯ ತಿದ್ದುಪಡಿಯಿಂದ ಇಲ್ಲವಾಗಬೇಕೆ? ಇಂದು ತಿದ್ದಿದ್ದನ್ನು ನಾಳಿನ ದೂರದರ್ಶಕವು ಮತ್ತೆ ತಿದ್ದುವುದು ಖಂಡಿತ. ಅದೂ ಅಲ್ಲದೆ, ಬೆಳಕಿಗಿಂತ ವೇಗವಾದ ನೌಕೆಯನ್ನೇ ಒಪ್ಪಿಕೊಂಡವರು ದಶಮಾಂಶಕ್ಕಾಗಿ ಕಲಹಕ್ಕೆ ನಿಲ್ಲುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಲ್ಲವೆ?

ಇದಕ್ಕೆ ವಿರುದ್ಧವಾಗಿ, ಆಟವೆಂದ ಮೇಲೆ ಏನಾದರೇನು ಎಂಬವರು ಇನ್ನೂ ಹೆಚ್ಚಿನ ಅಪಾಯಕಾರಿಗಳು. ಒಂದು ಸಂಜೆಯ ಅನುಕೂಲಕ್ಕಾಗಿ ಸೂತ್ರಧಾರನು ನೌಕೆಯನ್ನು 9 ಜ್ಯೋತಿರ್ವರ್ಷ ಸಾಗಗೊಟ್ಟನಾದರೆ, ಆ ಲೋಕದ ಯುದ್ಧಕ್ಕೂ ವ್ಯಾಪಾರಕ್ಕೂ ಇದ್ದ ಕಾರಣವೇ ಕುಸಿಯುವುದು. 1977ರ ‘ಟ್ರಾವೆಲರ್’ ಆಟವನ್ನು ನೋಡಬಹುದು. ಅದರ ಆಕಾಶವು ಹಾಳೆಯಂತೆ ಚಪ್ಪಟೆ. ಒಂದೊಂದು ಷಟ್ಕೋನವು ಒಂದು ಪಾರ್ಸೆಕ್. ಹತ್ತಿರವಾಗಲಿ ದೂರವಾಗಲಿ, ಪ್ರತಿಯೊಂದು ಜಿಗಿತಕ್ಕೂ ಸುಮಾರು ಒಂದು ವಾರ. ಇದು ನಿಜವಲ್ಲವೆಂದು ಶಾಲೆಯ ಬಾಲಕನೂ ಬಲ್ಲನು. ಆದರೆ ಅಲ್ಲಿ ಸುದ್ದಿಯು ನೌಕೆಗಿಂತ ಬೇಗ ಹೋಗಲಾರದು. ಆದುದರಿಂದ ದೂರದ ಅಧಿಪತಿಯು ರಾಜಧಾನಿಯ ಅಪ್ಪಣೆಗೆ ಕಾಯದೆ ತನ್ನ ವಿವೇಚನೆಯಂತೆ ಆಳಬೇಕಾಗುವುದು. ಕಲ್ಪಿತವಾದ ಮೂಲದಿಂದ ಹೊರಟ ಫಲವನ್ನು ತಪ್ಪದೆ ಅನುಸರಿಸುವ ಈ ನಿಯಮವೇ ಇಂಥ ಆಟಗಳಲ್ಲಿರತಕ್ಕ ವೈಜ್ಞಾನಿಕತೆ.

ಹಾಗಾದರೆ ಹೊಸ ಜ್ಞಾನಕ್ಕೆ ಎಡೆಯಿಲ್ಲವೆ? ಧಾರಾಳವಾಗಿ ಉಂಟು. ಆಟಗಾರರು ಇನ್ನೂ ಕಾಲಿಡದ ಕಡೆಯಲ್ಲಿ ಅದು ನಿರಾತಂಕವಾಗಿ ಬರಲಿ. ಹೊಸ ಆಟವು ಹೊಸ ಪಟದಿಂದಲೇ ಮೊದಲಾಗಲಿ. ಹಳೆಯದಕ್ಕೆ ಸೇರುವವನಿಗೆ, ಇದು 1986ರಲ್ಲಿ ಕಂಡ ಆಕಾಶವೆಂದು ಸೂತ್ರಧಾರನು ಮೊದಲೇ ತಿಳಿಸಲಿ. ಆಗ ಯಾರಿಗೂ ಸುಳ್ಳನ್ನು ಕಲಿಸಿದಂತಾಗದು. ಆದರೆ ಆಡಿ ಮುಗಿದ ದಾರಿಯು ಕೂಡಿ ಕುಳಿತವರೆಲ್ಲರ ಸೊತ್ತು. ಅವರ ಒಪ್ಪಿಗೆಯಿಲ್ಲದೆ ಅದನ್ನು ಅಳಿಸುವ ಅಧಿಕಾರವು ಖಗೋಳಶಾಸ್ತ್ರಕ್ಕೂ ಇಲ್ಲ, ಸೂತ್ರಧಾರನಿಗೂ ಇಲ್ಲ.